ಮೊಹರು ಬಿದ್ದ ಬೀದಿ

ಆ ಗ್ರಂಥಾಲಯದ ಹೊಸ್ತಿಲು ದಾಟಿ ಬಂದ ಕಾಗದ ಮೊಹರು ಹೊಡೆಸಿಕೊಳ್ಳದೆ ಉಳಿದದ್ದೇ ಇರಲಿಲ್ಲ. ಅಲ್ಲಿನ ಗ್ರಂಥಪಾಲಕರ ಕೈ ಅಂಥದು. ಪುಸ್ತಕ ಬಂತೆಂದರೆ ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ಕಳ್ಳರ ಕಣ್ಣಿಗೆ ಬೀಳದ ಹಾಗೆ ನಡುವಿನ ಗುಪ್ತ ಪುಟಕ್ಕೊಂದು. ಬೆಳಗಿನ ಪತ್ರಿಕೆಗೂ ಮೊಹರು, ಗೋಡೆಯ ಕ್ಯಾಲೆಂಡರಿಗೂ ಮೊಹರು. ಹೆಂಡತಿ ಬರೆದುಕೊಟ್ಟ ದಿನಸಿ ಚೀಟಿಗೂ ಒಮ್ಮೆ ಒತ್ತಿಬಿಟ್ಟಿದ್ದರು, ಅಂಗಡಿಯವನು ಅದನ್ನು ಸರ್ಕಾರಿ ನೋಟೀಸೆಂದು ತಿಳಿದು ಎದ್ದು ನಿಂತಿದ್ದ. ಪೇಟೆಯವರು ಅವರನ್ನು ಮೊಹರು ಮೇಷ್ಟ್ರು ಅನ್ನುತ್ತಿದ್ದರು. ಹಾಗೆ ಕರೆದರೆ ಅವರು ಮುಖ ಗಂಟಿಕ್ಕಿಕೊಳ್ಳುತ್ತಿದ್ದರು, ಒಳಗೊಳಗೆ ಮಾತ್ರ ಆ ಹೆಸರು ಅವರಿಗೆ ಇಷ್ಟವೇ ಆಗಿತ್ತು.

ಶಾಯಿಯ ವಿಷಯದಲ್ಲಂತೂ ಅವರು ಬಲು ಕಟ್ಟುನಿಟ್ಟು. ಹಿಂದೆ ಯಾರೋ ಪುಣ್ಯಾತ್ಮ ಗ್ರಂಥಾಲಯದ ಪುಸ್ತಕಗಳ ಮೊಹರನ್ನು ಅಳಿಸಿ ಹಳೇ ಪುಸ್ತಕದ ಅಂಗಡಿಗೆ ಮಾರಿಕೊಂಡಿದ್ದ. ಅಂದಿನಿಂದ ಮೇಷ್ಟ್ರು ಕಂಡ ಕಂಡ ಶಾಯಿಯನ್ನೆಲ್ಲ ತರಿಸಿ, ನೀರು, ನಿಂಬೆಹುಳಿ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ನೋಡಿ, ಕೊನೆಗೆ ಒಂದು ನೇರಳೆ ಬಣ್ಣದ್ದನ್ನು ಆರಿಸಿದ್ದರು. ಕಳ್ಳನ ಅಪ್ಪ ಬಂದರೂ ಇದನ್ನು ಅಳಿಸಲಾರ ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಆ ಜಂಬವೇ ಒಂದು ದಿನ ಅವರ ಕೊರಳಿಗೆ ಸುತ್ತಿಕೊಂಡಿತು.

ಆ ವರ್ಷ ಗ್ರಂಥಾಲಯದ ಓದುವ ಕೋಣೆಯಲ್ಲಿ ಒಂದು ಪ್ರದರ್ಶನ ಇಡುವುದೆಂದು ತೀರ್ಮಾನವಾಯಿತು. ಹೊರಗಿನ ಬೀದಿಯನ್ನು ಅಗಲ ಮಾಡುವ ಮೊದಲು ಅದು ಹೇಗಿತ್ತು ಎಂದು ತೋರಿಸುವ ಪ್ರದರ್ಶನ. ಬೀದಿಯವರು ಅಟ್ಟ, ಪೆಟ್ಟಿಗೆ ತಡಕಾಡಿ ಫೋಟೋ, ಅಂಗಡಿಗಳ ಹಳೆಯ ಬೋರ್ಡು, ತಮ್ಮ ಮನೆಯ ಮಕ್ಕಳು ಬರೆದ ಚಿತ್ರ ಎಲ್ಲ ತಂದು ಸುರಿದರು. ಆದರೆ ಫೋಟೋಗಳಲ್ಲೆಲ್ಲ ಮನುಷ್ಯರೇ ತುಂಬಿಕೊಂಡಿದ್ದರು. ಬೀದಿ ಅವರ ಹೆಗಲ ಸಂದಿಯಲ್ಲಿ ಎಲ್ಲೋ ಚೂರುಪಾರು ಇಣುಕುತ್ತಿತ್ತು. ಇಡೀ ಬೀದಿ ಈ ತುದಿಯಿಂದ ಆ ತುದಿಯವರೆಗೆ ಕಾಣುವಂಥದ್ದು ಒಂದೇ ಒಂದು ಇತ್ತು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಪೇಂಟರೊಬ್ಬರು ತಮ್ಮ ಮಹಡಿಯ ಕಿಟಕಿಯಲ್ಲಿ ಕೂತು ಬರೆದ ಬಣ್ಣದ ಚಿತ್ರ ಅದು. ಪೇಂಟರು ತೀರಿಹೋಗಿ ಬಹಳ ಕಾಲವಾಗಿತ್ತು. ಚಿತ್ರ ಅವರ ದೊಡ್ಡ ಮಗಳ ಬಳಿ ಇತ್ತು, ಜಗಳ ಇಬ್ಬರು ಹೆಣ್ಣುಮಕ್ಕಳ ನಡುವೆ ಇತ್ತು.

ದೊಡ್ಡವರು ಶಾಲೆಯಲ್ಲಿ ಹೊಲಿಗೆ ಟೀಚರಾಗಿ ದುಡಿದು ನಿವೃತ್ತರಾದವರು, ಬಟ್ಟೆಯಂತೆ ಮಾತನ್ನೂ ಅಳೆದು ಕತ್ತರಿಸುವವರು. ಚಿಕ್ಕವರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಈಗಲೂ ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದರೆ ಹಿಂದಿನ ಸೀಟಿನವರಿಗೂ ಕೇಳಬೇಕು. ಇಬ್ಬರ ಜಗಳ ಬೀದಿಯ ಚಿತ್ರಕ್ಕಲ್ಲ, ಅದರ ಒಂದು ಮೂಲೆಗೆ. ಕೆಳಗೆ ಎಡಗಡೆ ಒಂದು ಅಂಗಳ, ಅಂಗಳದಲ್ಲಿ ಒಂದು ಹಗ್ಗ, ಹಗ್ಗದ ಮೇಲೆ ಬಟ್ಟೆ ಹರವುತ್ತ ಬೆನ್ನು ಮಾಡಿ ನಿಂತ, ಹೆಬ್ಬೆರಳುದ್ದದ ಒಬ್ಬ ಹೆಂಗಸು. ಅದು ಅವರ ತಾಯಿ. ಆಕೆಗೆ ಫೋಟೋ ಅಂದರೆ ಆಗುತ್ತಿರಲಿಲ್ಲ, ಕ್ಯಾಮೆರಾ ಕಂಡರೆ ಅಡುಗೆಮನೆ ಸೇರಿಕೊಳ್ಳುತ್ತಿದ್ದರು. ಹೀಗಾಗಿ ಆಕೆಯದ್ದೆಂದು ಉಳಿದ ಚಿತ್ರ ಅದೊಂದೇ, ಅದೂ ಬರೀ ಬೆನ್ನು. ಆ ಬೆನ್ನಿಗಾಗಿ ಅಕ್ಕತಂಗಿಯರು ಮಾತು ಬಿಟ್ಟಿದ್ದರು. ಅಪ್ಪ ಕೊನೆಗಾಲದಲ್ಲಿ ನನ್ನ ಕೈಗೇ ಕೊಟ್ಟರು ಎಂದು ಅಕ್ಕ, ನಿನಗೇ ಕೊಡುತ್ತೇನೆಂದು ಚಿಕ್ಕಂದಿನಿಂದ ಹೇಳುತ್ತಿದ್ದರು ಎಂದು ತಂಗಿ. ಇರುವುದು ಒಂದೇ ಪೇಟೆಯಾದರೂ, ಒಬ್ಬರು ಬರುವ ಕಡೆ ಇನ್ನೊಬ್ಬರು ತಲೆ ಹಾಕುತ್ತಿರಲಿಲ್ಲ.

ಮೇಷ್ಟ್ರು ಟೀಚರ ಮನೆಗೆ ಚಪ್ಪಲಿ ಸವೆಯುವಷ್ಟು ಸಲ ಹೋಗಿ ದುಂಬಾಲು ಬಿದ್ದರು. ಆ ಚಿತ್ರವಿಲ್ಲದೆ ಪ್ರದರ್ಶನವೇ ಇಲ್ಲ, ನಿಮ್ಮ ತಂದೆ ಬರೆಯದಿದ್ದರೆ ಈ ಬೀದಿ ಹೀಗಿತ್ತೆಂದು ಹೇಳುವವರೇ ಇರುತ್ತಿರಲಿಲ್ಲ ಎಂದೆಲ್ಲ ಪೂಸಿ ಹೊಡೆದರು. ಕೊನೆಗೊಂದು ದಿನ ಟೀಚರು ಟ್ರಂಕಿನ ತಳದಿಂದ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಚಿತ್ರವನ್ನು ತೆಗೆದು ಅವರ ಕೈಗಿಟ್ಟರು. ಚೌಕಟ್ಟಿಗೆ ಹುಳು ಹಿಡಿದಿತ್ತು, ಚಿತ್ರ ಮಾತ್ರ ನಿನ್ನೆ ಬರೆದಷ್ಟು ಸ್ವಚ್ಛವಾಗಿತ್ತು.

"ನಿಮ್ಮ ಮಾತಿನ ಮೇಲೆ ಕೊಡ್ತಾ ಇದೀನಿ ಮೇಷ್ಟ್ರೇ," ಅಂದರು ಟೀಚರು. "ಹೇಗೆ ಕೊಟ್ಟೆನೋ ಹಾಗೇ ವಾಪಸ್ ಬರಬೇಕು. ಒಂದು ಚುಕ್ಕೆ ಕೂಡ ಬೀಳಬಾರದು. ನನ್ನ ತಂಗಿ ಕೈಗಂತೂ ಹೋಗಲೇಬಾರದು."

ಮೇಷ್ಟ್ರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು.

ಹುಳು ಹಿಡಿದ ಚೌಕಟ್ಟನ್ನು ಬಿಚ್ಚಿಸಿ, ಹೊಸದಕ್ಕೆ ಅಳತೆ ಕೊಡಬೇಕೆಂದು ಅವರು ಚಿತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಪಕ್ಕದಲ್ಲೇ ಯಾರೋ ದಾನ ಕೊಟ್ಟ ಹಳೆಯ ನಕಾಶೆಗಳ ರಾಶಿ. ಒಂದೊಂದೇ ನಕಾಶೆ ಎಳೆದು ಮೊಹರು ಒತ್ತಿ, ನಂಬರಿನ ಯಂತ್ರ ಒತ್ತಿ ಪಕ್ಕಕ್ಕೆ ಸರಿಸುತ್ತಿದ್ದಾಗ ಫೋನು ಬಂತು. ಕಂಡಕ್ಟರಮ್ಮ. ಮೇಷ್ಟ್ರು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡರು. ಅಕ್ಕ ಚಿತ್ರವನ್ನು ಮನೆಯಿಂದ ಹೊರಗೆ ಬಿಟ್ಟಿದ್ದಾಳೆಂದು ತನಗೆ ಗೊತ್ತಾಗಿದೆ, ಪ್ರದರ್ಶನ ಮುಗಿದ ದಿನ ತಾನು ಬಂದು ಗೋಡೆಯಿಂದಲೇ ಇಳಿಸಿಕೊಂಡು ಹೋಗುವವಳು, ಅಡ್ಡ ಬಂದವರನ್ನು ನೋಡಿಕೊಳ್ಳುತ್ತೇನೆ ಎಂದು ಆಕೆ ಒಂದೇ ಉಸಿರಿಗೆ ಶುರುವಿಟ್ಟುಕೊಂಡರು. ಮೇಷ್ಟ್ರು ನಡುನಡುವೆ "ಅಮ್ಮಾ, ಸ್ವಲ್ಪ ಕೇಳಿ" ಅನ್ನುತ್ತಲೇ ಇದ್ದರು, ಆಕೆ ಕೇಳುವ ಪೈಕಿಯಲ್ಲ. ಕಿವಿ ಬೈಸಿಕೊಳ್ಳುತ್ತಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಎಳೆ, ಒತ್ತು, ಸರಿಸು. ಎಳೆ, ಒತ್ತು, ಸರಿಸು.

ಫೋನಿಟ್ಟು ಅವರು ಮೇಜಿನ ಕಡೆ ನೋಡಿದರು. ನಕಾಶೆಗಳು ಮುಗಿದಿದ್ದವು. ರಾಶಿಯ ಮೇಲೆ, ಎಲ್ಲಕ್ಕಿಂತ ಮೇಲೆ, ಪೇಂಟರ ಬೀದಿ. ಎಡಮೂಲೆಯ ಅಂಗಳದ ಖಾಲಿ ಜಾಗದಲ್ಲಿ, ಬಟ್ಟೆ ಹರವುವ ತಾಯಿಯ ಕಾಲಬುಡದಲ್ಲೇ, ಗುಂಡನೆಯ ನೇರಳೆ ಮೊಹರು. ಅದರ ಕೆಳಗೆ ನಂಬರು. ಇಷ್ಟು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾಗಿ, ಒಂದಿಷ್ಟೂ ಓರೆಯಾಗದೆ, ಅವರ ಕೈಯಿಂದ ಇನ್ನೊಂದು ಮೊಹರು ಬಿದ್ದಿರಲಿಲ್ಲ.

ಮಕ್ಕಳ ವಿಭಾಗ ನೋಡಿಕೊಳ್ಳುವ ಸಹೋದ್ಯೋಗಿ ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ಸರ್, ಹಿಂದುಗಡೇನೂ ಹೊಡೆದಿದ್ದೀರಾ?" ಎಂದು ಕೇಳಿದಳು. ಮೇಷ್ಟ್ರು ತಿರುಗಿಸಿ ನೋಡಿದರು. ಹೊಡೆದಿರಲಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಸಿಕ್ಕ ಸಮಾಧಾನ ಅಷ್ಟೇ.

ಅಂದಿನಿಂದ ಅವರ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಅದೇ ಮೊಹರನ್ನು ಬೇರೆ ಕಾಗದದ ಮೇಲೆ ಒತ್ತಿ ರಬ್ಬರಿನಿಂದ, ಬ್ರೆಡ್ಡಿನ ತಿರುಳಿನಿಂದ, ಹತ್ತಿಯಿಂದ ಉಜ್ಜಿ ನೋಡಿದರು. ಕಾಗದ ಹರಿಯಿತು, ಶಾಯಿ ಕದಲಲಿಲ್ಲ. ಚೌಕಟ್ಟಿನ ಅಂಗಡಿಯವನಿಗೆ ತೋರಿಸಿದರೆ, ಸುತ್ತ ಒಂದು ಅಗಲವಾದ ರಟ್ಟಿನ ಅಂಚು ಕೊಟ್ಟರೆ ಆ ಮೂಲೆ ಮುಚ್ಚಿಹೋಗುತ್ತದೆ ಅಂದ. ಆಗ ಆ ಹೆಂಗಸೂ ಮುಚ್ಚಿಹೋಗುತ್ತಾಳಲ್ಲ ಅಂದರು ಮೇಷ್ಟ್ರು. ಹೋದರೆ ಹೋಗಲಿ ಬಿಡಿ, ಬೀದಿ ಪೂರ್ತಿ ಕಾಣುತ್ತಲ್ಲ ಎಂದ ಅವನು. ಪಾಪ, ಅವನಿಗೇನು ಗೊತ್ತು. ಮೇಷ್ಟ್ರು ಚಿತ್ರವನ್ನು ಎದೆಗೆ ಅವಚಿಕೊಂಡು, ಸಾದಾ ಚೌಕಟ್ಟು ಸಾಕು ಅಂದುಬಿಟ್ಟರು.

ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡರು. ಆಕೆ ಮೊದಲು ನಕ್ಕರು, ಗಂಡನ ಮುಖ ನೋಡಿ ನಗು ನಿಲ್ಲಿಸಿದರು. "ಹೋಗಿ ಹೇಳಿಬಿಡಿ," ಅಂದರು. "ಬೈದ್ರೆ ಬೈಸ್ಕೊಳ್ಳಿ. ಅವರು ಬೈಯೋದಕ್ಕಿಂತ ನೀವು ಹೀಗೆ ಒಣಗ್ತಿರೋದೇ ಜಾಸ್ತಿ ಆಯ್ತು." ಸರಿ ಎಂದು ಹೊರಟ ಮೇಷ್ಟ್ರು ಟೀಚರ ಮನೆಯ ತಿರುವಿನವರೆಗೂ ಹೋದರು. ಅಲ್ಲಿ ನಿಂತು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದರು. ಆಮೇಲೆ ಕಾಲಿಗೆ ಬುದ್ಧಿ ಹೇಳಿ ವಾಪಸ್ ಬಂದರು. ತಾಯಿಯ ಗುರುತು ಅದೊಂದೇ ಇದ್ದ ಮಗಳು ತನ್ನನ್ನು ನಂಬಿ ಕೊಟ್ಟಿದ್ದಳು, ಅದರ ಮೇಲೆ ತಾನು ನಂಬರು ಒತ್ತಿದ್ದೆ ಎಂಬ ಮಾತು ಯಾವ ಕಡೆಯಿಂದ ಹೇಳಿದರೂ ಬಾಯಿಂದ ಹೊರಬರುವ ಮಾತಾಗಿರಲಿಲ್ಲ.

ಕೊನೆಗೆ ಅವರಿಗೆ ಹೊಳೆದದ್ದು ಒಂದು ಕಳ್ಳದಾರಿ. ಪ್ರತಿ ಚಿತ್ರದ ಜೊತೆಗೂ ಯಾರು ಬರೆದದ್ದು, ಯಾರು ಕೊಟ್ಟದ್ದು ಎಂಬ ಚೀಟಿ ಇರುತ್ತದಲ್ಲ. ಉಳಿದವುಗಳಿಗೆಲ್ಲ ಅದನ್ನು ಗೋಡೆಗೆ ಅಂಟಿಸಿದರು. ಇದೊಂದಕ್ಕೆ ಮಾತ್ರ ಗಾಜಿನ ಮೇಲೆ, ಎಡಮೂಲೆಗೆ, ಸರಿಯಾಗಿ ಮೊಹರಿನ ನೆತ್ತಿಯ ಮೇಲೆ.

ಪ್ರದರ್ಶನದ ಮೊದಲ ದಿನ ಓದುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಪೇಂಟರ ಬೀದಿಯ ಮುಂದೆಯೇ ಗುಂಪು ಕಟ್ಟಿದರು. ಇಗೋ ಪಂಪು, ಇಗೋ ಗಡಿಯಾರ ರಿಪೇರಿ ಅಂಗಡಿ, ಇಲ್ಲೇ ಅಲ್ಲವೇ ನಾನು ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡದ್ದು ಎಂದು ಗಾಜಿಗೆ ಬೆರಳು ಒತ್ತಿ ಒತ್ತಿ ತೋರಿಸುತ್ತಿದ್ದರು. ನಿವೃತ್ತ ಅಂಚೆಯವರೊಬ್ಬರು ಮನೆ ಮನೆಗೂ ಯಾರ ಹೆಸರಿಗೆ ಕಾಗದ ಬರುತ್ತಿತ್ತೆಂದು ಹೇಳತೊಡಗಿದ್ದರು. ಬೇರೆ ದಿನವಾಗಿದ್ದರೆ ಮೇಷ್ಟ್ರು ಹಿಗ್ಗಿ ಹೀರೇಕಾಯಿ ಆಗಿರುತ್ತಿದ್ದರು. ಇಂದು ಅವರ ಕಣ್ಣೆಲ್ಲ ಬಾಗಿಲ ಮೇಲೆ.

ಟೀಚರು ಬಂದರು. ಗುಂಪು ಕರಗುವವರೆಗೆ ಹಿಂದೆ ನಿಂತು, ಕನ್ನಡಕ ಒರೆಸಿ ಹಾಕಿಕೊಂಡು, ಚಿತ್ರದ ಹತ್ತಿರ ಹೋದರು. ಬೀದಿಯನ್ನು ನೋಡಲಿಲ್ಲ. ಸೀದಾ ಎಡಮೂಲೆಗೆ ಬಗ್ಗಿದರು.

"ಮೇಷ್ಟ್ರೇ," ಅಂದರು, "ಅಮ್ಮನ ಕಾಲ ಮೇಲೆ ಚೀಟಿ ಅಂಟಿಸಿದ್ದೀರಲ್ಲ."

ಅದು ಗಾಳಿಗೆ ಬಿದ್ದುಹೋಗುತ್ತಿತ್ತು, ಅದಕ್ಕೆ ಅಲ್ಲಿ ಎಂದು ಮೇಷ್ಟ್ರು ಏನೋ ತೊದಲಿದರು. ಟೀಚರು ಅಷ್ಟರಲ್ಲಿ ಉಗುರಿನಿಂದ ಚೀಟಿಯ ಅಂಚು ಎಬ್ಬಿಸುತ್ತಿದ್ದರು. ತಪ್ಪು ಹೊಲಿಗೆ ಬಿಚ್ಚಿ ಬಿಚ್ಚಿ ಪಳಗಿದ ಬೆರಳು, ಚೀಟಿ ಒಂದು ಚೂರೂ ಹರಿಯದೆ ಎದ್ದು ಬಂತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಗಲೇ ಬಾಗಿಲ ಕಡೆಯಿಂದ, ಜಾಗ ಬಿಡಿ ಜಾಗ ಬಿಡಿ ಎಂಬ ದನಿ ಕೇಳಿಸಿತು. ಕೊನೆಯ ದಿನದವರೆಗೆ ಕಾಯಲಾಗದೆ ಕಂಡಕ್ಟರಮ್ಮ ಮೊದಲ ದಿನವೇ ಬಂದಿದ್ದರು.

ಮೇಷ್ಟ್ರು ಕಣ್ಣು ಬಿಟ್ಟಾಗ ಅಕ್ಕತಂಗಿಯರು ಅಕ್ಕಪಕ್ಕ ನಿಂತು ಮೂಲೆಯನ್ನೇ ನೋಡುತ್ತಿದ್ದರು. ಇವರಿಬ್ಬರನ್ನು ಒಂದೇ ಸೂರಿನ ಕೆಳಗೆ ಪೇಟೆಯವರು ಕಂಡು ಎಷ್ಟೋ ಕಾಲವಾಗಿತ್ತು.

ಬಾಯಿ ಬಿಟ್ಟವರು ಮೇಷ್ಟ್ರೇ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. "ನಾನೇ ಹೊಡೆದೆ," ಅಂದರು. "ಬೇಕಂತ ಅಲ್ಲ. ಕೈ ಹೊಡೆದುಬಿಡ್ತು. ಅಳಿಸೋಕೆ ಆಗಲ್ಲ. ಮುಚ್ಚಿಟ್ಟಿದ್ದು ಇನ್ನೂ ದೊಡ್ಡ ತಪ್ಪು."

ಆಮೇಲೆ ಶುರುವಾಯಿತು ನೋಡಿ. ಟೀಚರು ಅಳೆದು ಕತ್ತರಿಸಿದ ಮಾತಿನಲ್ಲಿ ಒಂದು ಬೈದರೆ, ಕಂಡಕ್ಟರಮ್ಮ ಅದಕ್ಕೆ ನಾಲ್ಕು ಸೇರಿಸಿ ಕೊನೆಯ ಸೀಟಿಗೆ ಕೇಳಿಸಿದರು. ನಂಬಿ ಕೊಟ್ಟಿದ್ದಕ್ಕೆ ಇದಾ ಎಂದು ಅಕ್ಕ, ಅವಳು ನಂಬಿ ಕೊಟ್ಟಿದ್ದಕ್ಕೆ ಇದಾ ಎಂದು ತಂಗಿ. ನಮ್ಮಮ್ಮನೇನು ಗ್ರಂಥಾಲಯದ ಕುರ್ಚಿಯಾ, ನಂಬರು ಹಾಕೋಕೆ ಎಂದು ಒಬ್ಬರು, ಹೌದು ಹೇಳಕ್ಕಾ ಎಂದು ಇನ್ನೊಬ್ಬರು. ಮೇಷ್ಟ್ರು ತಲೆ ಬಗ್ಗಿಸಿ ಎಲ್ಲ ಬೈಸಿಕೊಂಡರು. ವಿಚಿತ್ರವೆಂದರೆ, ಬೈಗುಳ ಒಂದೊಂದೇ ಬೀಳುತ್ತಿದ್ದ ಹಾಗೆ ಅವರ ಎದೆ ಹಗುರವಾಗುತ್ತ ಬಂತು. ಅಷ್ಟು ದಿನದ ಮೇಲೆ ಮೊದಲ ಸಲ ಅವರಿಗೆ ಹಸಿವಾಯಿತು.

ಬೈದು ಸುಸ್ತಾದ ಮೇಲೆ ಕಂಡಕ್ಟರಮ್ಮ ಸೊಂಟಕ್ಕೆ ಕೈಯಿಟ್ಟು, ಈಗ ಇದನ್ನು ವಾಪಸ್ ಕೊಡೋದು ಹೇಗೆ ಎಂದು ಕೇಳಿದರು. ಯಾರಿಗೆ ಕೊಡುವುದೆಂದು ಮಾತ್ರ ಕೇಳಲಿಲ್ಲ. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಂಬರು ಬಿದ್ದ ವಸ್ತು ಗ್ರಂಥಾಲಯದಿಂದ ಹೊರಗೆ ಹೋಗಬೇಕಾದರೆ ಮೊದಲ ಮೊಹರಿನ ಮೇಲೆ ಇನ್ನೊಂದು ಒತ್ತಬೇಕು. ಮೇಜಿನ ಖಾನೆಯಿಂದ ಅದನ್ನು ತೆಗೆದೂ ತೋರಿಸಿದರು. ಉದ್ದನೆಯ ಮರದ ಮೊಹರು, ಅದಕ್ಕೇ ಎಂದು ಇಟ್ಟ ಕೆಂಪು ಶಾಯಿ. ಒಂದು ನಿಮಿಷದ ಕೆಲಸ, ನೀವು ಹೂಂ ಅಂದರೆ ಈಗಲೇ ಮಾಡಿಕೊಡುತ್ತೇನೆ ಎಂದರು ಆ ಪುಣ್ಯಾತ್ಮ.

ಟೀಚರು ಆ ಮೊಹರನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಕನ್ನಡಕದ ಹತ್ತಿರ ಹಿಡಿದು ಓದಿದರು. ಅದರಲ್ಲಿ ಇದ್ದದ್ದು ಒಂದೇ ಪದ. ರದ್ದು.

"ಅಮ್ಮನ ಪಕ್ಕ ಇದನ್ನ ಹೊಡೀತೀರಾ?" ಅಂದರು. ದನಿ ಬೈಯುವ ದನಿಯಾಗಿರಲಿಲ್ಲ.

ಮೇಷ್ಟ್ರು ಮೊಹರಿನ ಕಡೆ ಬಗ್ಗಿ ನೋಡಿದರು. ಎಷ್ಟು ಸಾವಿರ ಪುಸ್ತಕಗಳ ಮೇಲೆ ಒತ್ತಿದ್ದರೋ, ಆ ಪದವನ್ನು ಅವರು ಯಾವತ್ತೂ ಓದಿರಲಿಲ್ಲ.

"ಬೇಡ," ಅಂದರು ಕಂಡಕ್ಟರಮ್ಮ. ಮೊಹರನ್ನು ಅಕ್ಕನ ಕೈಯಿಂದ ತೆಗೆದು ಖಾನೆಯೊಳಗೆ ಹಾಕಿ, ಖಾನೆಯನ್ನು ತಾವೇ ತಳ್ಳಿ ಮುಚ್ಚಿದರು. "ಹೊಡೀದೇ ಹೋದ್ರೆ ಏನಾಗುತ್ತೆ?"

"ಹೊಡೀದೇ ಹೋದ್ರೆ ಇಲ್ಲೇ ಇರುತ್ತಮ್ಮ," ಅಂದರು ಮೇಷ್ಟ್ರು. "ಗೋಡೆ ಮೇಲೆ."

ಟೀಚರು ಚಿತ್ರದ ಕಡೆ ತಿರುಗಿ ನೋಡಿದರು. ಆಮೇಲೆ ಕೇಳಿದರು. "ಯಾರಾದ್ರೂ ಮನೆಗೆ ತಗೊಂಡು ಹೋಗಬಹುದಾ? ಪುಸ್ತಕ ಒಯ್ಯೋ ಹಾಗೆ?"

"ಇಲ್ಲ ಟೀಚರೇ. ಇದು ಇಲ್ಲೇ ಕೂತು ನೋಡೋ ಸಾಮಾನು. ನೀವೂ ಒಯ್ಯೋ ಹಾಗಿಲ್ಲ, ಅವರೂ ಒಯ್ಯೋ ಹಾಗಿಲ್ಲ."

ಆ ಮಾತು ಬಿದ್ದ ಕೂಡಲೇ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಮೇಷ್ಟ್ರು ತಮ್ಮ ಕಿವಿಯಾರೆ ಕೇಳಿದರು, ಬಹಳ ದೂರದಿಂದ ಮೂಟೆ ಹೊತ್ತು ತಂದವರು ಅದನ್ನು ಕೆಳಗಿಳಿಸಿದಾಗ ಬಿಡುವಂಥ ಉಸಿರು. ಟೀಚರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಸಿದು ಕೂತರು. ತಂಗಿ ಒಂದು ಗಳಿಗೆ ನಿಂತು, ಅಲ್ಲಿ ಇಲ್ಲಿ ನೋಡಿ, ಬೇರೆ ಜಾಗವಿಲ್ಲವೇನೋ ಎಂಬಂತೆ ಅದೇ ಬೆಂಚಿನ ಇನ್ನೊಂದು ತುದಿಗೆ ಕೂತರು. ನೋಡಲು ಬಂದವರೆಲ್ಲ ನಿಂತೇ ಇದ್ದುದರಿಂದ ಕೋಣೆಯ ತುಂಬ ಕುರ್ಚಿಗಳು ಖಾಲಿ ಇದ್ದವು.

"ಇಷ್ಟು ವರ್ಷ ನನ್ನ ಮನೇಲಿತ್ತು ಕಣೇ," ಅಂದರು ಟೀಚರು, ಚಿತ್ರವನ್ನೇ ನೋಡುತ್ತ. "ಒಂದು ದಿನಾನೂ ಗೋಡೆಗೆ ಹಾಕಲಿಲ್ಲ. ನೀನು ಬಂದು ಎತ್ಕೊಂಡು ಹೋಗ್ತೀಯ ಅಂತ ಟ್ರಂಕಲ್ಲಿ ಇಟ್ಟಿದ್ದೆ. ನಾನೂ ನೋಡಲಿಲ್ಲ."

"ಹೋಗ್ತಿದ್ದೆ," ಅಂದರು ಕಂಡಕ್ಟರಮ್ಮ. ಬೆಂಚಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. "ಎತ್ಕೊಂಡು ಹೋಗಿ ನಾನೂ ಟ್ರಂಕಲ್ಲೇ ಇಡ್ತಿದ್ದೆ."

ಟೀಚರಿಗೆ ನಗು ಬಂತು. ಅದನ್ನು ತಡೆಯಲು ನೋಡಿದರು, ಆಗಲಿಲ್ಲ. ತಂಗಿಗೂ ಬಂತು, ಅವರು ತಡೆಯಲು ನೋಡಲೂ ಇಲ್ಲ. ಮೇಷ್ಟ್ರು ಪುಸ್ತಕದ ಕಪಾಟಿನ ಮರೆಗೆ ಹೋಗಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ಮೇಲಿನ ಕಲ್ಲು ಇಳಿದಿತ್ತು. ಅದರ ಜೊತೆಗೇ, ಸದ್ದಿಲ್ಲದೆ, ಇನ್ನಿಬ್ಬರ ಮೇಲಿದ್ದದ್ದೂ ಇಳಿದಿತ್ತು, ಅದಕ್ಕೆ ಅವರಿಗೆ ಇನ್ನಷ್ಟು ಅಳು ಬಂತು.

ಸಂಜೆ ಕಿಟಕಿಗಳನ್ನು ಮುಚ್ಚುವಾಗ ಮಕ್ಕಳ ವಿಭಾಗದ ಸಹೋದ್ಯೋಗಿ ಅನುಮಾನದಿಂದ ಕೇಳಿದಳು. ರದ್ದು ಮೊಹರು ಒತ್ತದೆಯೂ ಕೊಡಬಹುದಿತ್ತಲ್ಲವೇ, ತಪ್ಪಿ ನಂಬರು ಬಿದ್ದಿದೆ ಎಂದು ಮೇಲಿನವರಿಗೆ ಒಂದು ಅರ್ಜಿ ಬರೆದಿದ್ದರೆ ಸಾಕಾಗುತ್ತಿರಲಿಲ್ಲವೇ. ಮೇಷ್ಟ್ರು ಬೀಗದ ಕೈ ಹುಡುಕುವವರಂತೆ ಜೇಬು ತಡಕಿದರು.

"ಸಾಕಾಗ್ತಿತ್ತು," ಅಂದರು. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಟೀಚರಿಗೆ ಗೊತ್ತಿತ್ತು ಅಂತ ಕಾಣುತ್ತೆ. ಅವರೂ ಸರ್ಕಾರಿ ಶಾಲೇಲಿ ಕೆಲಸ ಮಾಡಿದವರೇ ತಾನೇ."

ಮನೆಗೆ ಹೋಗಿ ಅವರು ತಟ್ಟೆ ತಟ್ಟೆ ಊಟ ಮಾಡಿದರು. ಹೆಂಡತಿ ಏನೂ ಕೇಳಲಿಲ್ಲ, ಮತ್ತೆ ಬಡಿಸಿದರು. ಊಟವಾದ ಮೇಲೆ ಎಲ್ಲ ಹೇಳಿದಾಗ ಮಾತ್ರ, ಇನ್ನು ಮೇಲಾದರೂ ಮೊಹರು ಒತ್ತುವಾಗ ಫೋನು ಎತ್ತಬೇಡಿ ಅಂದರು.

ಪ್ರದರ್ಶನ ಮುಗಿಯಿತು. ಫೋಟೋ, ಬೋರ್ಡುಗಳನ್ನೆಲ್ಲ ಅವರವರು ಒಯ್ದರು. ಪೇಂಟರ ಬೀದಿ ಕಿಟಕಿಯ ಪಕ್ಕದ ಗೋಡೆಯಲ್ಲೇ ಉಳಿಯಿತು. ಟೀಚರು ಬೆಳಿಗ್ಗೆ ಬರತೊಡಗಿದರು, ಕಂಡಕ್ಟರಮ್ಮ ಸಂಜೆ. ಕ್ರಮೇಣ ಬೆಳಗಿನವರು ತಡವಾಗಿ, ಸಂಜೆಯವರು ಬೇಗ ಬರುತ್ತ ಬರುತ್ತ ಇಬ್ಬರೂ ಮಧ್ಯಾಹ್ನಕ್ಕೆ ಬಂದು ನಿಂತರು. ಬೆಂಚಿನ ಎರಡು ತುದಿಯವರು ನಡುವಿಗೆ ಸರಿದರು. ಹಗ್ಗದ ಮೇಲಿನ ಪುಟ್ಟ ಕೆಂಪು ಬಟ್ಟೆ ನನ್ನ ಲಂಗ ಎಂದು ಒಬ್ಬರು, ಅದು ಹರಿದ ಮೇಲೆ ನನಗೇ ಬಂತಲ್ಲ ಎಂದು ಇನ್ನೊಬ್ಬರು. ಕಂಡಕ್ಟರಮ್ಮನಿಗೆ ಪಿಸುಮಾತು ಬರುವುದಿಲ್ಲ, ಗೋಡೆಯ ಮೇಲೆ ಮೌನ ಎಂದು ಬರೆದ ಬೋರ್ಡು ಅವರ ತಲೆಯ ಮೇಲೆಯೇ ಇತ್ತು.

ಒಂದು ಮಧ್ಯಾಹ್ನ ಪರೀಕ್ಷೆಗೆ ಓದುತ್ತಿದ್ದ ವಕೀಲರೊಬ್ಬರು ಎದ್ದು ಬಂದು ದೂರು ಕೊಟ್ಟರು. ಇದು ಗ್ರಂಥಾಲಯವೋ ಬಸ್ ನಿಲ್ದಾಣವೋ, ಆ ಇಬ್ಬರಿಗೆ ಸ್ವಲ್ಪ ಹೇಳಿ ಅಂದರು. ಮೌನದ ವಿಷಯದಲ್ಲಿ ಮೇಷ್ಟ್ರು ಯಾರ ಮುಲಾಜೂ ನೋಡುವವರಲ್ಲ. ಎದ್ದು ಕಿಟಕಿಯ ಕಡೆ ನಡೆದರು. ಬೆಂಚಿನ ಹಿಂದೆ ಒಂದು ಗಳಿಗೆ ನಿಂತರು. ಯಾರೂ ಅವರನ್ನು ಗಮನಿಸಲಿಲ್ಲ. ಮೆಲ್ಲಗೆ ಹೆಜ್ಜೆಯಿಟ್ಟು ಮೇಜಿಗೆ ವಾಪಸ್ ಬಂದರು.

"ನೀವೇ ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಸ್ವಾಮಿ," ಅಂದರು ವಕೀಲರಿಗೆ. "ಅವರದ್ದು ಬಹಳ ವರ್ಷದ ಮಾತು ಬಾಕಿ ಇದೆ."